ತೋಳಿನ ಹೊಲಿಗೆ

ಸೆಪ್ಟೆಂಬರ್ 18, 2011, ಭಾನುವಾರ

ಶಾಲೆಗೆ ಬೀಗ. ಕಚೇರಿಗಳಿಗೆ ಬೀಗ. ನಾಳೆಯಿಂದ ಬಸ್ಸೂ ಇಲ್ಲವಂತೆ. ಪ್ರತ್ಯೇಕ ತೆಲಂಗಾಣಕ್ಕಾಗಿ ಸಕಲ ಜನರ ಮುಷ್ಕರ ಎಂದರೆ ನಾರಾಯಣಖೇಡಿನ ಸಕಲರೂ ರಸ್ತೆಯಲ್ಲಿ, ಇಲ್ಲವೇ ಮನೆಯಲ್ಲಿ. ತಹಸೀಲ್ ಕಚೇರಿಯ ಗುಮಾಸ್ತರಾದ ನಮ್ಮ ಯಜಮಾನರು ಮಹಾದೇವರಾಯರು ಬೆಳಿಗ್ಗೆ ಧರಣಿ ಟೆಂಟಿನಲ್ಲಿ ಕೂತು ಬಂದು, ಮಧ್ಯಾಹ್ನ ತೆಲಂಗಾಣ ಬಂದೇಬಿಟ್ಟಿತೇನೋ ಎಂಬಂತೆ ಗೊರಕೆ ಹೊಡೆದರು.

ನಾನು ತೋಳು ಹೊಲಿದೆ. ಭಾನುವಾರದ ನನ್ನ ಕೆಲಸ ಅದೇ. ನಿಜವಾದ ಜೂಡೋ ಅಂಗಿ ತರಿಸುವ ಶಕ್ತಿ ನಮ್ಮ ಹೆಣ್ಣುಮಕ್ಕಳ ಶಾಲೆಗೆ ಎಲ್ಲಿಂದ ಬರಬೇಕು? ಟೇಲರ್ ಬಂಡೆಪ್ಪ ದಪ್ಪ ಕೋರಾ ಬಟ್ಟೆಯಲ್ಲಿ ಹೊಲಿದುಕೊಟ್ಟಿದ್ದಾನೆ. ಬಟ್ಟೆ ಗಟ್ಟಿ. ಕಂಕುಳ ಹತ್ತಿರ ತೋಳಿನ ಹೊಲಿಗೆ ಮಾತ್ರ ಬಿಚ್ಚುತ್ತದೆ. ಬಿಚ್ಚಲೇಬೇಕು. ಎದುರಿಗಿರುವವಳನ್ನು ಸೊಂಟದ ಮೇಲೆ ಹೊತ್ತು ಎಸೆದಾಗ ಅವಳ ಅಂಗಿಯ ತೋಳು ಎಸೆದವಳ ಮುಷ್ಟಿಯಲ್ಲೇ ಇರಬೇಕು. ಅವಳು ಚಾಪೆ ಮುಟ್ಟುವ ಹೊತ್ತಿಗೆ ಆ ತೋಳನ್ನು ಒಂದಿಷ್ಟು ಮೇಲಕ್ಕೆ ಎಳೆಯಬೇಕು. ಹಾಗೆ ಎಳೆದರೆ ಬಿದ್ದವಳ ತಲೆ, ಭುಜ ಉಳಿಯುತ್ತವೆ, ಹೊಲಿಗೆ ಹೋಗುತ್ತದೆ.

ಅತ್ತೆ ಸರಸ್ವತೀಬಾಯಿಯವರಿಗೆ ಇದು ತಲೆಗೇ ಹೋಗುವುದಿಲ್ಲ.

"ಒಗದ ಮ್ಯಾಲ ಮತ್ತ ಹಿಡಕೊಳ್ಳೋದ್ಯಾಕ?"

"ಹಿಡಕೊಳ್ಳಲಿಲ್ಲಂದ್ರ ಅದು ಜೂಡೋ ಅಲ್ಲ ಅತ್ತಿ, ಜಗಳ."

"ಏನರೇ ಆಗಲಿ, ಎಡಗೈಲೆ ಹೊಲೀಬ್ಯಾಡ. ನೋಡಾಕ ಆಗಂಗಿಲ್ಲ ನನಗ."

ನಾನು ಎಡಚಿ. ಹೊಲಿಯುವುದು ಎಡಗೈಯಲ್ಲಿ, ಎಸೆಯುವುದು ಎಡಕ್ಕೆ. ತೋಳು ಹಿಡಿಯುವುದು ಮಾತ್ರ ಬಲಗೈ. ಬಲಗೈಗೆ ನಾನು ಕೊಟ್ಟಿರುವ ದೊಡ್ಡ ಕೆಲಸ ಅದೊಂದೇ.

ಸೆಪ್ಟೆಂಬರ್ 22, ಗುರುವಾರ

ಈಶಪ್ಪ ಮಾಸ್ತರು ಬಂದಿದ್ದರು. ನಮ್ಮ ಶಾಲೆಯಲ್ಲಿ ಲೆಕ್ಕ ಕಲಿಸುವವರು, ಈಗ ಊರಿನ ಹೋರಾಟ ಸಮಿತಿಯಲ್ಲಿ ಮುಂದಾಳು.

"ಟೀಚರ್, ಐತವಾರ ಚೌರಸ್ತಾದಾಗ ವಂಟಾ ವಾರ್ಪು ಅದರಿ. ರಸ್ತಾದ ಮ್ಯಾಲೇ ಒಲಿ, ಅಲ್ಲೇ ಅಡಗಿ, ಅಲ್ಲೇ ಊಟ. ನಿಮ್ಮ ಹುಡುಗ್ಯಾರದು ಜರಾ ಕರಾಟೆ ಇಡ್ರಿ."

"ಕರಾಟೆ ಅಲ್ರಿ ಮಾಸ್ತರ್, ಜೂಡೋ."

"ಏನಾದ್ರೂ ಇರಲಿ, ಮಂದಿ ಹೌಹಾರಬೇಕು ನೋಡ್ರಿ."

ಒಪ್ಪಿಕೊಂಡೆ. ಒಪ್ಪಿಕೊಂಡೆ ಎಂದರೆ ಏನು, ಕೇಳಲೆಂದೇ ಕಾದಿದ್ದೆ. ಇಷ್ಟು ವರ್ಷ ನಮಗೆ ಯಾರೂ ಚಪ್ಪಾಳೆ ತಟ್ಟಿಲ್ಲ. ಹೆಣ್ಣುಮಕ್ಕಳನ್ನು ಗೋಣಿಚೀಲದ ಮೇಲೆ ಉರುಳಾಡಿಸುವ ಟೀಚರ್ ಎಂದೇ ನನ್ನ ಹೆಸರು. ಚಾಪೆಗಳೂ ಗೋಣಿಚೀಲವೇ, ದಾಲ್ ಮಿಲ್ಲಿನ ತೊಗರಿ ಹೊಟ್ಟು ತುಂಬಿ ಹೊಲಿದವು.

ಬಸ್ಸಿಲ್ಲದ್ದಕ್ಕೆ ಹುಡುಗಿಯರು ಅಭ್ಯಾಸಕ್ಕೆ ಬಂದಿರಲಿಲ್ಲ. ಮನೂರಿನಿಂದ ಮಾಧುರಿ ಒಬ್ಬಳೇ ಬಂದಳು, ಆಟೋದಲ್ಲಿ ಜನರ ಮಧ್ಯೆ ನುಗ್ಗಿ. ರೈತ ಸಾಯಪ್ಪನ ಮಗಳು, ಒಂಬತ್ತನೆಯ ತರಗತಿ. ಮೊದಲ ವರ್ಷ ಇಡೀ ಮಳೆಗಾಲ ಇವಳಿಗೆ ಬೀಳುವುದನ್ನಷ್ಟೇ ಕಲಿಸಿದ್ದೆ. ಗದ್ದ ಎದೆಗೆ ಹಚ್ಚು, ಕಣ್ಣು ನಿನ್ನ ನಡುಪಟ್ಟಿಯ ಗಂಟಿನ ಮೇಲಿರಲಿ, ಬೆನ್ನಿಗಿಂತ ಮೊದಲು ಕೈ ಚಾಪೆಗೆ ಬಡಿಯಲಿ. "ಒಗೆಯೋದು ಯಾವಾಗ ಕಲಸ್ತೀರಿ ಟೀಚರ್?" ಎಂದು ದಿನಾ ಪೀಡಿಸುತ್ತಿದ್ದಳು. ಕಲಬುರಗಿಯ ಕಾಲೇಜಿನಲ್ಲಿ ನಮ್ಮ ಗುರುಗಳನ್ನು ನಾನೂ ಹೀಗೇ ಪೀಡಿಸಿದ್ದೆ.

ಬೀಳಲು ಬಂದ ಮೇಲೆ ಹುಡುಗಿ ನಡೆಯುವ ರೀತಿಯೇ ಬದಲಾಗುತ್ತದೆ. ಇದನ್ನು ನಾನು ಯಾರಿಗೂ ವಿವರಿಸಲಾರೆ, ಆದರೆ ಕಂಡಿದ್ದೇನೆ. ನೆಲದ ಭಯ ಹೋದವಳಿಗೆ ಬಜಾರಿನ ಭಯವೂ ಅರ್ಧ ಹೋಗುತ್ತದೆ. ಮಾಧುರಿಯಂತೂ ಗಾಳಿಯಲ್ಲಿದ್ದಾಗ ನಗುತ್ತಾಳೆ. ಇವತ್ತು ಕೇಳಿದೆ, ಟಾರ್ ರಸ್ತೆ, ಅಷ್ಟು ಮಂದಿ, ಅಂಜಿಕೆ ಇಲ್ಲವೇನೇ ಎಂದು.

"ನೀವು ಹಿಡಕೊಂಡಿರ್ತೀರಲ್ಲ ಟೀಚರ್, ಅಂಜಿಕಿ ಎದಕ್ಕ?"

ಸೆಪ್ಟೆಂಬರ್ 25, ಭಾನುವಾರ

ಮಾಧುರಿಗೆ ಪೆಟ್ಟಾಗಿದೆ. ಬಲಗಡೆಯ ಕೊರಳೆಲುಬು ಮುರಿದಿದೆ. ಜೀಪಿನಲ್ಲಿ ಜಹೀರಾಬಾದಿಗೆ ಕರೆದುಕೊಂಡು ಹೋಗಿ ಎಲುಬಿನ ಡಾಕ್ಟರಿಗೆ ತೋರಿಸಿದೆವು. ಪಟ್ಟಿ ಕಟ್ಟಿದ್ದಾರೆ. ಕೂಡುತ್ತದೆ ಎಂದರು.

ಎಲ್ಲ ಚೆನ್ನಾಗಿಯೇ ನಡೆದಿತ್ತು. ಚೌರಸ್ತಾದ ತುಂಬ ಒಲೆಗಳು, ಹೊಗೆ, ಡಪ್ಪಿನ ಬಡಿತ, ಪುಳಿಹೋರೆಯ ವಾಸನೆ. ಮೊದಲಿನ ಎಸೆತಗಳಿಗೆಲ್ಲ ಮಂದಿ ಹೋ ಎಂದರು. ಇನ್ನೊಂದು, ಇನ್ನೊಂದು ಎಂದರು. ಕೊನೆಯದು ಸೊಂಟದ ದೊಡ್ಡ ಎಸೆತ. ಮಾಧುರಿ ನನ್ನ ಬೆನ್ನ ಮೇಲಿಂದ ಮೇಲೇಳುವಾಗ ಯಾರೋ "ಜೈ ತೆಲಂಗಾಣ" ಎಂದು ಕೂಗಿದರು. ಇಡೀ ಚೌರಸ್ತಾ ಕೂಗಿತು. ಕೈಗಳು ಮೇಲೆ ಹೋದವು. ನನ್ನದೂ ಹೋಯಿತು.

ಅವಳು ಸರಿಯಾಗಿ ಬೀಳಲಿಲ್ಲ. ಗದ್ದ ಹಚ್ಚಿರಲಿಲ್ಲವೋ ಏನೋ. ಕೈ ಬಡಿಯುವುದು ತಡವಾಯಿತೋ ಏನೋ. ಆ ಚೀಲಗಳ ಹೊಟ್ಟು ಬೇರೆ ಹಳೆಯದಾಗಿ ತೆಳ್ಳಗಾಗಿತ್ತು. ಕೆಳಗೆ ಟಾರ್ ರಸ್ತೆ. ಆಟ ಎಂದ ಮೇಲೆ ಇದೆಲ್ಲ ಇದ್ದದ್ದೇ.

ಸೆಪ್ಟೆಂಬರ್ 26, ಸೋಮವಾರ

ತೆಲುಗು ಪೇಪರಿನ ಜಿಲ್ಲಾ ಪುಟದಲ್ಲಿ ನನ್ನ ಫೋಟೋ ಬಂದಿದೆ. ಮುಷ್ಟಿ ಆಕಾಶಕ್ಕೆ, ಬಾಯಿ ತೆರೆದಿದೆ. ನನ್ನ ಪಕ್ಕದಲ್ಲಿ, ಸೊಂಟದ ಎತ್ತರಕ್ಕೆ, ಮಾಧುರಿ ಗಾಳಿಯಲ್ಲಿ ತಲೆಕೆಳಗಾಗಿದ್ದಾಳೆ. ಉದ್ಯಮದಲ್ಲಿ, ಎಂದರೆ ಹೋರಾಟದಲ್ಲಿ, ಎಲುಬು ಮುರಿದುಕೊಂಡ ಧೀರ ಬಾಲಕಿ ಎಂದು ಕೆಳಗೆ ಬರೆದಿದ್ದಾರೆ.

ಇವರು ಪೇಪರನ್ನು ಓಣಿಗೆಲ್ಲ ತೋರಿಸಿ ಬಂದರು. "ಏನ್ ಫೋಟೋ ತಗದಾನ ಪುಣ್ಯಾತ್ಮ! ಫ್ರೇಮ್ ಹಾಕಸ್ತೀನಿ." ಪಕ್ಕದ ಮನೆಯ ಅಮೃತಬಾಯಿ ಬಂದು ನೋಡಿದರು. ಈಶಪ್ಪ ಮಾಸ್ತರು ಬಂದರು. ಎಲ್ಲರೂ ಮುಷ್ಟಿಯನ್ನು ನೋಡಿದರು. ಆ ಮುಷ್ಟಿಯಲ್ಲಿ ಏನಿರಬೇಕಾಗಿತ್ತು ಎಂದು ಯಾರೂ ಕೇಳಲಿಲ್ಲ. ಕೇಳಲು ಅವರಿಗೇನು ಗೊತ್ತು.

ಸೆಪ್ಟೆಂಬರ್ 29, ಗುರುವಾರ

ಬರೆಯುವಂಥದ್ದು ಏನೂ ಇಲ್ಲ. ಬಲಗೈಯನ್ನು ಸೆರಗಿನಲ್ಲಿ ಯಾಕೆ ಮುಚ್ಚಿಕೊಂಡು ಕೂರುತ್ತೀ ಎಂದು ಅತ್ತೆ ಕೇಳಿದರು. ಮುಚ್ಚಿಕೊಂಡಿಲ್ಲ ಎಂದೆ.

ಅಕ್ಟೋಬರ್ 2, ಭಾನುವಾರ

ಮನೂರಿಗೆ ಹೋಗಿದ್ದೆ. ಹೋಗಲೇಬೇಕಿತ್ತು, ಇಷ್ಟು ದಿನ ಆಟೋ ಸಿಗಲಿಲ್ಲ ಎಂದುಕೊಂಡಿದ್ದೆ. ಸಿಗುತ್ತಿದ್ದವು.

ಮಾಧುರಿ ಬಾಗಿಲ ಹತ್ತಿರದ ನುಲಿ ಮಂಚದ ಮೇಲೆ ಒರಗಿ ಕೂತಿದ್ದಳು. ನನ್ನನ್ನು ನೋಡಿ ಏಳಹೋದಳು, ನೋವಿಗೆ ತುಟಿ ಕಚ್ಚಿದಳು. ಬಾಯಿ ತೆರೆದವಳೇ ಹೇಳಿದ್ದು ಇದು:

"ಮಾಫ್ ಮಾಡ್ರಿ ಟೀಚರ್. ನಾ ಬರೋಬರ್ ಬೀಳಲಿಲ್ಲ. ಅಷ್ಟು ಮಂದ್ಯಾಗ ನಿಮ್ಮ ಹೆಸರು ಕೆಡಿಸಿಬಿಟ್ಟೀನಿ."

ಇಲ್ಲಮ್ಮ ಎಂದೆ. ಇಲ್ಲಮ್ಮ, ಇಲ್ಲಮ್ಮ ಎಂದು ಎಷ್ಟು ಸಲ ಹೇಳಿದೆನೋ. ಅದರ ಮುಂದೆ ಒಂದು ಮಾತು ಬರಬೇಕಿತ್ತು. ಅಷ್ಟರಲ್ಲಿ ಅವಳ ತಾಯಿ ಬಾಳಮ್ಮ ಚಹಾ ತಂದಳು. ಚಹಾ ಕುಡಿದೆ.

ಹೊರಡುವಾಗ ಬಾಳಮ್ಮ ಒಗೆದು ಮಡಿಸಿದ ಜೂಡೋ ಅಂಗಿ ತಂದು ಕೊಟ್ಟಳು.

"ಎಲ್ಲಾರದೂ ತೋಳು ಹರೀತದಂತ, ಟೀಚರ್ ಹೊಲೀತಾರಂತ ಇಕಿ ಹೇಳ್ತಿದ್ಳು. ತಿರಗಿಸಿ ತಿರಗಿಸಿ ನೋಡೀನಿ, ಒಂದ್ ದಾರಾನೂ ಹೋಗಿಲ್ರಿ. ಇಕಿದು ಛಲೋ ಬಟ್ಟಿ ಅದ."

ಆಟೋದಲ್ಲಿ ಅಂಗಿಯನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ನಾನು ಹಾಕಿದ ಹೊಲಿಗೆ ಹೇಗಿತ್ತೋ ಹಾಗೇ ಇದೆ, ಎರಡೂ ತೋಳು. ಮನೆಗೆ ಬಂದು ಟ್ರಂಕಿನಲ್ಲಿ ಇಟ್ಟೆ.

ಅಕ್ಟೋಬರ್ 6, ಗುರುವಾರ, ದಸರಾ

ಸಂಜೆ ಬನ್ನಿ ಕೊಡಲು ಓಣಿಯವರೆಲ್ಲ ಬಂದು ಹೋದರು. ವರ್ಷವಿಡೀ ಮಾತು ಬಿಟ್ಟವರೂ ಇವತ್ತು ಬನ್ನಿ ಕೊಟ್ಟು ಅಪ್ಪಿಕೊಳ್ಳಬೇಕು, ಅದು ಈ ಹಬ್ಬದ ನಿಯಮ. ಹೋದ ವರ್ಷ ನಲ್ಲಿ ನೀರಿಗೆ ಜಗಳವಾಡಿದ್ದ ಅಮೃತಬಾಯಿ ಅತ್ತೆಯನ್ನು ತಬ್ಬಿಕೊಂಡು ಅತ್ತರು. ನಾನು ಬಾಗಿಲಲ್ಲಿ ನಿಂತು ನಗುತ್ತಿದ್ದೆ.

ಆಗ ಸಾಯಪ್ಪ ಬಂದ. ಮನೂರಿನಿಂದ ಸೈಕಲ್ ಮೇಲೆ. ಹೊಸ ಧೋತರಕ್ಕೆಲ್ಲ ಧೂಳು. ನನ್ನ ಬಲಗೈ ಹಿಡಿದು ಅಂಗೈಯಲ್ಲಿ ಬನ್ನಿ ಇಟ್ಟು, ಕಾಲಿಗೆ ಬಾಗಿದ. ನನ್ನ ತಂದೆಯ ವಯಸ್ಸಿನವನು. ಹಿಂದಕ್ಕೆ ಸರಿದೆ, ಗೋಡೆ ತಾಗಿತು.

"ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ ಟೀಚರ್. ನಿಮ್ಮ ಆಶೀರ್ವಾದ ಇರಲಿ. ಹುಡುಗಿಗಿ ಜರಾ ನೀವೇ ಹೇಳ್ರಿ. ಇಡೀ ದಿನ ಎಡಗೈಲೆ ಮಂಚ ಬಡೀತಾಳ. ಧಪ್ ಧಪ್ ಧಪ್. ಯಾಕ ಅಂದ್ರ, ಅವತ್ತ ಕೈ ಬಡಿಯೋದು ತಡಾ ಆತು, ಅದಕ್ಕ ರೂಢಿ ಮಾಡ್ತೀನಿ ಅಂತಾಳ. ಮತ್ತ ಒಮ್ಮೊಮ್ಮಿ, ನನಗ ಬೀಳಾಕ ಬರಂಗಿಲ್ಲಪ್ಪಾ, ನಾ ಇನ್ನ ಶಾಲಿ ಚಾಪಿ ತುಳಿಯಂಗಿಲ್ಲ ಅಂತ ಅಳ್ತಾಳ."

ತಿನ್ನಲು ಕಡಬು ಕೊಟ್ಟೆ. ತಿಂದು ನೀರು ಕುಡಿದು ಸೈಕಲ್ ಹತ್ತಿದ.

ಅವಳು ತಡಮಾಡಿರಲಿಲ್ಲ. ಗದ್ದ ಎದೆಗೆ ಹಚ್ಚಿದ್ದಳು. ನಾನು ನೋಡಿದ್ದೇನೆ, ನನಗಲ್ಲದೆ ಯಾರಿಗೆ ಗೊತ್ತು? ಅವಳು ನಾನು ಕಲಿಸಿದ ಹಾಗೇ ಬಿದ್ದಳು. ಮೇಲೆ ಹಿಡಿದವರು ಇದ್ದಾರೆ ಎಂದು ನಂಬಿ ಬಿದ್ದಳು.

ಅಕ್ಟೋಬರ್ 19, ಬುಧವಾರ

ಮಾಸ್ತರರ ಮುಷ್ಕರ ಮುಗಿಯಿತು. ಶಾಲೆ ತೆರೆಯಿತು. ಈಶಪ್ಪ ಮಾಸ್ತರು ಪ್ರಾರ್ಥನೆಯ ಹೊತ್ತಿಗೆ ನನಗೊಂದು ಗುಲಾಬಿ ಬಣ್ಣದ ಶಾಲು ಹೊದಿಸಿದರು. ಹುಡುಗಿಯರು ಚಪ್ಪಾಳೆ ತಟ್ಟಿದರು. ಅದೇ ಚಪ್ಪಾಳೆ, ನನಗೆ ಬೇಕಾಗಿದ್ದದ್ದು. ಶಾಲಿನೊಳಗೆ ಬೆವರಿದೆ.

ಮನೆಗೆ ಬಂದು ಇವರಿಗೆ ಹೇಳಿದೆ. ಬಿಟ್ಟದ್ದು ನಾನು ಎಂದು ಮೊದಲ ಸಲ ಬಾಯಲ್ಲಿ ಬಂತು. ಇವರು ಗೋಡೆಗೆ ಹಾಕಿದ ಫ್ರೇಮಿನ ಕಡೆ ನೋಡಿದರು.

"ಹೇಳಿದ್ರ ಎಲುಬು ಜಲ್ದಿ ಕೂಡ್ತದೇನು?"

"ಇಲ್ಲ."

"ಮತ್ತ? ನಾಳಿಂದ ಒಬ್ಬಾಕೀನೂ ನಿನ್ನ ಚಾಪಿ ಮ್ಯಾಲ ಬರಂಗಿಲ್ಲ. ಎಷ್ಟು ಮನಿಗಿ ತಿರಗಿ ಹುಡುಗ್ಯಾರನ ಕೂಡಿಸೀದಿ ನೆನಪದ ಇಲ್ಲ? ಸುಮ್ಮ ಇರು. ಅಕಿ ಸಣ್ಣಾಕಿ, ಮರೀತಾಳ."

ಅವರು ಹೇಳುವುದರಲ್ಲಿ ತಪ್ಪಿಲ್ಲ. ಸಿಟ್ಟು ಬಂದದ್ದು ಅದಕ್ಕೇ. ನನ್ನೊಳಗೆ ಕೂತು ಇಷ್ಟು ದಿನ ಇದನ್ನೇ ಹೇಳುತ್ತಿದ್ದವರು ಯಾರು ಎಂದು ಗೊತ್ತಾಯಿತು. ಅದು ಇವರ ದನಿ ಆಗಿರಲಿಲ್ಲ, ನನ್ನದೇ.

ಅಕ್ಟೋಬರ್ 23, ಭಾನುವಾರ

ಬರೆದುಬಿಡುತ್ತೇನೆ.

ಮನೂರಿಗೆ ಹೋದೆ. ಓಣಿಯ ತಿರುವಿನಲ್ಲೇ ಕೇಳಿಸಿತು, ಧಪ್, ಧಪ್. ಒಳಗೆ ಹೋದರೆ ಮಂಚದ ಮೇಲಿನ ಗೋಡೆಗೆ ಪೇಪರಿನ ಆ ಫೋಟೋ ಅಂಟಿಸಿದ್ದಾರೆ, ಅರಿಶಿನ ಕುಂಕುಮ ಬೇರೆ. ನನ್ನ ಮುಷ್ಟಿಯ ಕೆಳಗೆ ಆ ಹುಡುಗಿ ಇಷ್ಟು ದಿನ ಮಲಗಿದ್ದಾಳೆ.

ಸಾಯಪ್ಪ, ಬಾಳಮ್ಮ ಇಬ್ಬರನ್ನೂ ಕೂರಿಸಿ ಹೇಳಿದೆ. ತೋಳು ಬಿಟ್ಟೆ ಎಂದೆ. ಬಾಳಮ್ಮನಿಗೆ ತಿಳಿಯಲಿಲ್ಲ.

"ಬೀಳೋ ಹುಡುಗೀನ ಬಿಡಲಾರದ ಏನ್ ಮಾಡ್ತೀರಿ? ಬಿಟ್ರ ತಾನೇ ಬೀಳ್ತಾಳ?"

ಹೇಗೆ ಹೇಳಲಿ? ಅಂಗಳದ ಬಾವಿಯ ಕಡೆ ಕೈ ತೋರಿಸಿದೆ. "ಬಾಳಮ್ಮ, ಬಾವ್ಯಾಗ ಮಣ್ಣಿನ ಕೊಡ ಬಿಡ್ತೀರಿ. ಕೊಡ ಕೆಳಗ ಹೋಗಬೇಕು ಖರೇ. ಹಗ್ಗ ಕೈಯಾಗ ಇರಬೇಕಲ್ಲ?"

ಅವಳು ಬಾವಿ ನೋಡಿದಳು. ಆಮೇಲೆ ಗೋಡೆಯ ಫೋಟೋ ನೋಡಿದಳು, ಎದ್ದು ಹತ್ತಿರ ಹೋಗಿ ನನ್ನ ಮುಷ್ಟಿಯ ಮೇಲೆ ಬೆರಳಿಟ್ಟಳು.

"ನೀವು ಹಗ್ಗ ಬಿಟ್ರಿ."

"ಬಿಟ್ಟೀನಿ."

"ಯಾಕ?"

"ಮಂದಿ ಕೂಗಿದ್ರು. ನನ್ನನ್ನ ನೋಡ್ತಿದ್ರು. ನನಗ ಭಾಳ ಛಲೋ ಅನಿಸಿತು. ಅಕಿ ನೆನಪೇ ಹಾರಿ ಹೋತು."

ಸಾಯಪ್ಪ ತಲೆ ತಗ್ಗಿಸಿದ. "ಮೊದಲ ಕೂಗಿದಾವ ನಾನೇರಿ ಟೀಚರ್. ಮಗಳು ಮ್ಯಾಲ ಎದ್ದಿದ್ದು ನೋಡಿ ತಡೀಲಿಲ್ಲ ನನಗ. ನಾನೂ ಕೈ ಎತ್ತೀನಿ."

ಬಾಳಮ್ಮ ನಮ್ಮಿಬ್ಬರನ್ನೂ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

"ತೆಲಂಗಾಣ ಬರಲಿ, ಬ್ಯಾಡ ಅನ್ನಂಗಿಲ್ಲ. ಮೊದಲ ನನ್ನ ಮಗಳ ಕೈ ಬರಲಿ."

ನಾನು ಮಂಚದ ಹತ್ತಿರ ಹೋದೆ. "ನೀ ಬರೋಬರ್ ಬಿದ್ದೀದಿ ಮಾಧುರಿ. ನನ್ನ ಹುಡುಗ್ಯಾರೊಳಗ ಯಾರೂ ಇಷ್ಟು ಛಲೋ ಬಿದ್ದಿಲ್ಲ. ತಪ್ಪು ನಂದು." ಅವಳು ನನ್ನನ್ನು ನೋಡಿದಳು. ಗಾಳಿಯಲ್ಲಿ ನಗುವ ಆ ಮುಖದಲ್ಲಿ ಏನೂ ಇರಲಿಲ್ಲ. ನಿಧಾನಕ್ಕೆ, ಮುರಿದ ಭುಜಕ್ಕೆ ನೋವಾಗದ ಹಾಗೆ, ಗೋಡೆಯ ಕಡೆ ಹೊರಳಿದಳು.

ಎದ್ದು ಬಂದೆ. ಆಟೋ ನಿಲ್ಲುವ ಜಾಗದ ತನಕ ಕಿವಿಗೊಟ್ಟಿದ್ದೆ. ಮಂಚದ ಸದ್ದು ನಿಂತಿತ್ತು.

ನವೆಂಬರ್ 13, ಭಾನುವಾರ

ಸುದ್ದಿ ಹರಡಿದೆ. ಹರಡಿಸಿದವಳು ನಾನೇ, ಈಶಪ್ಪ ಮಾಸ್ತರಿಗೂ ಹೆಡ್‌ಮಾಸ್ತರಿಗೂ ಹೇಳಿದೆ. ಮಾಸ್ತರು, "ಈಗ ಅದನ್ನ ಯಾಕ ಎತ್ತತೀರಿ, ಉದ್ಯಮಕ್ಕ ಕೆಟ್ಟ ಹೆಸರು" ಎಂದರು. ಶಾಲು ವಾಪಸು ಕೊಟ್ಟರೆ ತೆಗೆದುಕೊಳ್ಳಲಿಲ್ಲ. ಈಗ ಅತ್ತೆ ಅದನ್ನು ಹಿಟ್ಟಿನ ಡಬ್ಬಿಗೆ ಮುಚ್ಚುತ್ತಾರೆ.

ಇವರು ಹೇಳಿದ್ದೇ ನಿಜವಾಯಿತು. ಸಿರ್ಗಾಪುರದ ಹುಡುಗಿಯರು ಬರುವುದಿಲ್ಲ. ಊರಿನ ಹುಡುಗಿಯರಲ್ಲೂ ಮೂರು ನಾಲ್ಕು ಜನ ಉಳಿದಿದ್ದಾರೆ. ಅವರಿಗೆ ಮತ್ತೆ ಬೀಳುವುದನ್ನೇ ಕಲಿಸುತ್ತಿದ್ದೇನೆ. ನಾನೂ ಅವರ ಜೊತೆ ಬೀಳುತ್ತೇನೆ. ಮೊಣಕೈ ತರಚಿದೆ.

ಫ್ರೇಮ್ ಗೋಡೆಯಿಂದ ತೆಗೆದದ್ದು ನಾನಲ್ಲ. ಇವರೇ ತೆಗೆದರು.

ಡಿಸೆಂಬರ್ 8, ಗುರುವಾರ

ಮಾಧುರಿ ಶಾಲೆಗೆ ಬಂದಳು. ಪಟ್ಟಿ ಬಿಚ್ಚಿದ್ದಾರೆ. ಜೂಡೋ ಹೊತ್ತಿನಲ್ಲಿ ತರಗತಿಯಲ್ಲೇ ಕೂತಿದ್ದಳು. ಕಿಟಕಿಯಿಂದ ನೋಡಲೂ ಇಲ್ಲ. ನಮಸ್ತೆ ಟೀಚರ್ ಎನ್ನುತ್ತಾಳೆ, ಬೇರೆ ಎಲ್ಲ ಟೀಚರುಗಳಿಗೆ ಎನ್ನುವ ಹಾಗೆ.

ಕರೆಯಲಿಲ್ಲ. ಕರೆಯುವ ಹಕ್ಕು ನನಗಿಲ್ಲ.

ಡಿಸೆಂಬರ್ 25, ಭಾನುವಾರ

ಇವತ್ತೂ ಹೊಲಿಯಲು ಒಂದೂ ತೋಳಿಲ್ಲ.

ಜನವರಿ 22, 2012, ಭಾನುವಾರ

ಬೆಳಿಗ್ಗೆ ಶಾಲೆಯ ಅಂಗಳದಲ್ಲಿ ಹುಡುಗಿಯರಿಗೆ ಉರುಳುವುದು ಮಾಡಿಸುತ್ತಿದ್ದೆ. ಗೇಟಿನ ಹತ್ತಿರ ಆಟೋ ನಿಂತಿತು. ಸಾಯಪ್ಪ ಇಳಿದ, ಹಿಂದೆ ಹೊಟ್ಟಿನ ಚೀಲಗಳು. ಈ ಸಲದ ತೊಗರಿ ರಾಶಿಯದು, ಇನ್ನೂ ಹಸಿ ವಾಸನೆ.

"ಚಾಪಿ ತೆಳ್ಳಗಾಗ್ಯಾವಂತ ಹೇಳಿದ್ಳು ಇಕಿ. ತುಂಬ್ರಿ."

ಹಿಂದಿನಿಂದ ಮಾಧುರಿ ಇಳಿದಳು. ನಾವೆಲ್ಲ ಕೂತು ಚೀಲ ಬಿಚ್ಚಿ ಹಳೆಯ ಹೊಟ್ಟು ತೆಗೆದು ಹೊಸದು ತುಂಬಿದೆವು. ಅವಳೂ ತುಂಬಿದಳು. ನಾನು ದಬ್ಬಳದಿಂದ ಚೀಲಗಳ ಬಾಯಿ ಹೊಲಿದೆ. ಚಾಪೆ ಹಾಸಿಯಾದ ಮೇಲೆ ಅವಳು ಬಂದು ನನ್ನೆದುರಿಗೆ ನಿಂತಳು. ಉದ್ದವಾಗಿದ್ದಾಳೆ.

"ಟೀಚರ್, ಇವತ್ತ ನೀವು ಬೀಳ್ರಿ."

"ನಿನ್ನ ಭುಜ..."

"ಡಾಕ್ಟರ್ ಹೂಂ ಅಂದಾರ."

ಸಾಯಪ್ಪನ ಕಡೆ ನೋಡಿದೆ. ಅವನು ಗೇಟಿನಾಚೆ ನೋಡುತ್ತಿದ್ದ.

ಅವಳು ಬಲಕ್ಕೆ ಎಸೆಯುವವಳು. ಬಲಗೈ ನನ್ನ ಸೊಂಟ ಬಳಸಿತು, ಎಡಗೈ ನನ್ನ ಬಲತೋಳು ಹಿಡಿಯಿತು. ಆ ದಿನ ಮೇಲೆ ಹೋದ ಕೈಯದೇ ತೋಳು. ಕಾಲು ನೆಲ ಬಿಟ್ಟಾಗ ಗೊತ್ತಾಯಿತು, ಎಷ್ಟೋ ವರ್ಷದಿಂದ ನನ್ನನ್ನು ಯಾರೂ ಎಸೆದೇ ಇರಲಿಲ್ಲ. ಎಸೆದವಳು ನಾನೇ, ಯಾವಾಗಲೂ. ಗಾಳಿಯಲ್ಲಿ ನನಗೆ ಅಂಜಿಕೆಯಾಯಿತು, ಜೀವ ಬಾಯಿಗೆ ಬರುವಷ್ಟು. ಬಿಡುತ್ತಾಳೆ ಎಂದುಕೊಂಡೆ. ಬಿಡಲಿ, ಅದೇ ನ್ಯಾಯ ಎಂದೂ ಅನಿಸಿತು. ಅವಳ ಮುಖ ನೋಡಬೇಕೆಂದು ಕತ್ತೆತ್ತಿದೆ.

ಚಾಪೆ ಬೆನ್ನಿಗೆ ಬಂತು. ಅದೇ ಗಳಿಗೆಗೆ ಅವಳ ಕೈ ತೋಳನ್ನು ಮೇಲಕ್ಕೆ ಎಳೆಯಿತು, ಕಂಕುಳಲ್ಲಿ ಹೊಲಿಗೆ ಚರ್ ಎಂದಿತು. ತಲೆ ನೆಲಕ್ಕೆ ಬಡಿಯಲಿಲ್ಲ.

ಮೇಲೆ ಮಾಧುರಿ ನಿಂತಿದ್ದಳು, ಏದುಸಿರು ಬಿಡುತ್ತ, ಹುಬ್ಬು ಗಂಟಿಕ್ಕಿಕೊಂಡು. ನನ್ನ ತೋಳು ಇನ್ನೂ ಅವಳ ಮುಷ್ಟಿಯಲ್ಲಿತ್ತು.

"ಗದ್ದ ಹಚ್ಚಲಿಲ್ಲ ನೀವು. ನಾ ಹಿಡೀಲಿಲ್ಲಂದ್ರ ತಲಿ ಬಡೀತಿತ್ತು. ಏಳ್ರಿ, ಇನ್ನೊಮ್ಮಿ."

ಎದ್ದೆ. ಇನ್ನೊಮ್ಮೆ ಬಿದ್ದೆ. ಸರಿಯಾಗಿ ಬೀಳುವ ತನಕ ಬೀಳಿಸಿದಳು. ಕ್ಷಮಿಸಿದ್ದೇನೆ ಎಂದು ಹೇಳಲಿಲ್ಲ, ನಾನು ಕೇಳಲೂ ಇಲ್ಲ.

ಮನೆಗೆ ಬಂದಾಗ ಅಂಗಿಯ ತೋಳು ಜೋತಾಡುತ್ತಿತ್ತು. ಅತ್ತೆ ಸೂಜಿ ದಾರ ಹುಡುಕಲು ಎದ್ದರು.

"ಅಯ್ಯ, ಯಾರು ಹಿಡಕೊಂಡಿದ್ರವ್ವಾ ಇಷ್ಟು ಗಟ್ಟಿ?"

"ಮಾಧುರಿ" ಎಂದೆ. ಆಮೇಲೆ ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಅಂಗಿಯನ್ನು ಗೂಟಕ್ಕೆ ಹಾಕಿದ್ದೇನೆ, ಹರಿದ ತೋಳು ಎದುರಿಗೆ ಕಾಣುವ ಹಾಗೆ. ಭಾನುವಾರವೇ, ಆದರೂ ಇವತ್ತು ಹೊಲಿಯಲಿಲ್ಲ.